ಐವಿಎಫ್‌ಗೆ ಮುಂಚಿನ 90 ದಿನ ಗಂಡಸಿನ ಲೆಕ್ಕ

ಪ್ರಶ್ನೆ: ನನಗೆ 34 ವರ್ಷ, ಮನೆಯವಳಿಗೆ 30. ಮದ್ದೂರು ತಾಲ್ಲೂಕಿನ ನಾಲೆ ಬಯಲಿನಲ್ಲಿ ನಾಲ್ಕು ಎಕರೆ ಕಬ್ಬು, ಭತ್ತ. ಔಷಧಿ ಹೊಡೆಯುವವನು ನಾನೇ, ನಮ್ಮ ಆಲೆಮನೆಯಲ್ಲಿ ಒಲೆ ಮುಂದೆ ಕೂರುವವನೂ ನಾನೇ. ಮೈಸೂರಿನಲ್ಲಿ ಎರಡು ಸಲ ಐವಿಎಫ್ ಆಯಿತು, ಎರಡೂ ಸಲ ಇಕ್ಸಿ ವಿಧಾನದಲ್ಲಿ. ಭ್ರೂಣಗಳು ಮೂರನೇ ದಿನದವರೆಗೆ ಚೆನ್ನಾಗಿದ್ದು ಆಮೇಲೆ ಬೆಳೆಯದೆ ನಿಂತವು. ನನ್ನ ವೀರ್ಯ ಪರೀಕ್ಷೆ: ಮಿ.ಲೀ.ಗೆ 1.1 ಕೋಟಿ, ಮುಂದಕ್ಕೆ ಚಲಿಸುವವು ಶೇ 22, ಆಕಾರ ಸರಿ ಇರುವವು ಶೇ 3, ಡಿಎಫ್‌ಐ ಶೇ 34. ಹೆಂಡತಿಯ ಪರೀಕ್ಷೆಗಳೆಲ್ಲ ಸರಿಯಾಗಿವೆ. ಇದಕ್ಕೆ ಔಷಧಿ, ಹೊಗೆ ಕಾರಣ ಇರಬಹುದೇ? ರಕ್ತದಲ್ಲಿ ಎಷ್ಟು ವಿಷ ಇದೆ ಎಂದು ಪರೀಕ್ಷೆ ಮಾಡಿಸಬಹುದೇ? ಮೂರನೇ ಸಲಕ್ಕೆ ಮುಂಚೆ ಔಷಧಿ ಹೊಡೆಯುವುದನ್ನು ತಮ್ಮನಿಗೆ ಬಿಟ್ಟರೆ ಸಾಕೇ? ಅವನಿಗೂ ಮದುವೆ ಗೊತ್ತಾಗಿದೆ.

ಉತ್ತರ: ಕಾರಣ ಇರಬಹುದು. ಆದರೆ ಅದೊಂದೇ ಕಾರಣ ಎಂದುಕೊಂಡು ಉಳಿದದ್ದನ್ನು ನೋಡದೆ ಬಿಡಬೇಡಿ. ಮೂರನೇ ಸಲಕ್ಕೆ ಹಣ ಕಟ್ಟುವ ಮೊದಲು ಮೂರು ತಿಂಗಳು ನಿಮ್ಮ ಮೇಲೆ ಖರ್ಚಾಗಬೇಕು. ಇಲ್ಲಿಯವರೆಗೆ ಸೂಜಿ, ಸ್ಕ್ಯಾನು, ಪಥ್ಯ ಎಲ್ಲ ನಿಮ್ಮ ಹೆಂಡತಿಗೇ ಆಗಿದೆ.

ಮೊದಲು ನಿಮ್ಮ ಅಂಕಿಗಳು. ವಿಶ್ವ ಆರೋಗ್ಯ ಸಂಸ್ಥೆಯ 2021ರ ಕೈಪಿಡಿಯ ಪ್ರಕಾರ ಕೆಳಗಿನ ಮಿತಿ ಮಿ.ಲೀ.ಗೆ 1.6 ಕೋಟಿ, ಮುಂದಕ್ಕೆ ಚಲಿಸುವವು ಶೇ 30, ಸರಿಯಾದ ಆಕಾರ ಶೇ 4. ಪ್ರಯತ್ನಿಸಿ ಒಂದು ವರ್ಷದೊಳಗೆ ಹೆಂಡತಿ ಗರ್ಭಿಣಿಯಾದ ಗಂಡಸರನ್ನು ಸಾಲಾಗಿ ನಿಲ್ಲಿಸಿದರೆ ಕೊನೆಯ ಶೇ 5 ಜನ ಎಲ್ಲಿ ನಿಲ್ಲುತ್ತಾರೋ ಅದೇ ಈ ಮಿತಿ. ಅದಕ್ಕಿಂತ ಕೆಳಗಿದ್ದರೆ ಮಕ್ಕಳೇ ಆಗುವುದಿಲ್ಲ ಎಂದಲ್ಲ. ನೀವು ಮೂರರಲ್ಲೂ ಸ್ವಲ್ಪ ಕೆಳಗಿದ್ದೀರಿ. ಇಕ್ಸಿ ವಿಧಾನದಲ್ಲಿ ಒಂದು ಅಂಡಾಣುವಿಗೆ ಒಂದು ವೀರ್ಯಾಣುವನ್ನು ಸೂಜಿಯಲ್ಲಿ ಚುಚ್ಚಿ ಬಿಡುವುದರಿಂದ ಸಂಖ್ಯೆಯ ಕೊರತೆ ಅಷ್ಟಾಗಿ ಕಾಡುವುದಿಲ್ಲ. ಕಾಡುವುದು ನಾಲ್ಕನೇ ಅಂಕಿ, ಡಿಎಫ್‌ಐ. ವೀರ್ಯಾಣುವಿನ ತಲೆಯೊಳಗಿನ ಡಿಎನ್‌ಎ ಎಳೆ ಎಷ್ಟು ವೀರ್ಯಾಣುಗಳಲ್ಲಿ ತುಂಡಾಗಿದೆ ಎಂಬುದನ್ನು ಅದು ಹೇಳುತ್ತದೆ. ಸಾಮಾನ್ಯವಾಗಿ ಶೇ 15ರೊಳಗೆ ಇದ್ದರೆ ಚೆನ್ನ, 30 ದಾಟಿದರೆ ಹೆಚ್ಚು.

ಇಕ್ಸಿಯ ಸೂಜಿ ವೀರ್ಯಾಣುವನ್ನು ಒಳಗೆ ಸೇರಿಸುತ್ತದೆ, ತುಂಡಾದ ಎಳೆಯನ್ನು ಹೊಲಿಯುವುದಿಲ್ಲ. ಆ ರಿಪೇರಿಯನ್ನು ಅಂಡಾಣು ತನ್ನ ಕೈಲಾದಷ್ಟು ಮಾಡುತ್ತದೆ. ಮೊದಲ ಎರಡು ಮೂರು ದಿನ ಭ್ರೂಣ ನಡೆಯುವುದು ತಾಯಿಯ ಅಂಡಾಣುವಿನಲ್ಲಿದ್ದ ಸರಕಿನ ಮೇಲೆ. ನಾಲ್ಕರಿಂದ ಎಂಟು ಕೋಶಗಳ ಹಂತದಲ್ಲಿ, ಅಂದರೆ ಹೆಚ್ಚುಕಡಿಮೆ ಮೂರನೇ ದಿನ, ಭ್ರೂಣದ ಸ್ವಂತ ಜೀನ್‌ಗಳು ಕೆಲಸ ಶುರು ಮಾಡುತ್ತವೆ. ಅಪ್ಪನ ಪಾಲಿನ ಡಿಎನ್‌ಎ ಪೂರ್ತಿ ಬಳಕೆಗೆ ಬರುವುದು ಆಗ. ಮೂರನೇ ದಿನದವರೆಗೆ ಚೆಂದ ಇದ್ದು ಐದನೇ ದಿನಕ್ಕೆ ಬ್ಲಾಸ್ಟೊಸಿಸ್ಟ್ (ಗರ್ಭಕೋಶಕ್ಕೆ ಅಂಟಿಕೊಳ್ಳುವ ಮುಂಚಿನ ಹಂತ) ಆಗದೆ ನಿಂತರೆ ತಜ್ಞರು ಗಂಡಸಿನ ಕಡೆಗೂ ತಿರುಗಿ ನೋಡುವುದು ಇದಕ್ಕೇ. ಅಂಡಾಣುವಿನ ಗುಣಮಟ್ಟ ಕಡಿಮೆ ಇದ್ದರೂ, ಲ್ಯಾಬ್‌ನ ಇನ್‌ಕ್ಯುಬೇಟರ್ ಸರಿಯಿಲ್ಲದಿದ್ದರೂ ಭ್ರೂಣ ಹೀಗೇ ನಿಲ್ಲಬಹುದು, ಹಾಗಾಗಿ ಇದು ಸುಳಿವೇ ಹೊರತು ಸಾಕ್ಷಿಯಲ್ಲ. ಆದರೆ 30ರ ಹೆಂಗಸು, ಶೇ 34 ಡಿಎಫ್‌ಐ ಇರುವ ಗಂಡ, ಎರಡು ಸಲವೂ ಒಂದೇ ಜಾಗದಲ್ಲಿ ನಿಂತ ಭ್ರೂಣ: ಈ ಸುಳಿವು ಸಣ್ಣದಲ್ಲ.

ಔಷಧಿಯ ಮಾತಿಗೆ ಹೋಗುವ ಮುಂಚೆ ಒಂದು ಕೆಲಸ ಮುಗಿಸಿ. ಯೂರಾಲಜಿ (ಮೂತ್ರಾಂಗ) ಅಥವಾ ಆಂಡ್ರಾಲಜಿ (ಗಂಡಸರ ಸಂತಾನ ಸಮಸ್ಯೆ) ವೈದ್ಯರು ನಿಮ್ಮನ್ನು ನಿಲ್ಲಿಸಿ, ಕೈಯಿಂದ ಮುಟ್ಟಿ ಪರೀಕ್ಷಿಸಿದ್ದಾರೆಯೇ? ಎಷ್ಟೋ ದಂಪತಿಗಳಲ್ಲಿ ಗಂಡಸಿನ ಪರೀಕ್ಷೆ ಎಂದರೆ ವೀರ್ಯದ ಒಂದು ರಿಪೋರ್ಟ್ ಅಷ್ಟೇ. ವೃಷಣದ ಮೇಲಿನ ರಕ್ತನಾಳಗಳು ಹುರಿಯಂತೆ ಉಬ್ಬುವ ವೆರಿಕೋಸಿಲ್ ಡಿಎಫ್‌ಐಯನ್ನು ಏರಿಸುತ್ತದೆ, ಕೈಗೆ ಸಿಗುವಷ್ಟು ದೊಡ್ಡದಿದ್ದರೆ ಚಿಕಿತ್ಸೆಯೂ ಇದೆ. ಎಫ್‌ಎಸ್‌ಎಚ್, ಟೆಸ್ಟೊಸ್ಟೀರಾನ್ ಎಂಬ ಹಾರ್ಮೋನುಗಳ ರಕ್ತ ಪರೀಕ್ಷೆ ಮಾಡಿಸಿ. ಸೋಂಕು ಇದೆಯೇ, ಸಕ್ಕರೆ ಕಾಯಿಲೆ ಇದೆಯೇ ನೋಡಿಸಿ. ಸಂಖ್ಯೆ ಮಿ.ಲೀ.ಗೆ 50 ಲಕ್ಷಕ್ಕಿಂತ ಕೆಳಗಿದ್ದಿದ್ದರೆ ಕ್ರೋಮೊಸೋಮ್ ಮತ್ತು ವೈ ಕ್ರೋಮೊಸೋಮ್ ಪರೀಕ್ಷೆಯೂ ಬೇಕಿತ್ತು. ಪರೀಕ್ಷೆಗೆ ಹಿಂದಿನ ಮೂರು ತಿಂಗಳಲ್ಲಿ ಡೆಂಗೆ, ಚಿಕುನ್‌ಗುನ್ಯಾ ಅಥವಾ ಬೇರೆ ಜೋರು ಜ್ವರ ಬಂದಿದ್ದರೆ ಅದನ್ನೂ ವೈದ್ಯರಿಗೆ ಹೇಳಿ. 39 ಡಿಗ್ರಿ ಜ್ವರ ಒಂದು ವಾರ ಇದ್ದರೂ ವಾರಗಟ್ಟಲೆ ವೀರ್ಯದ ಅಂಕಿಗಳು ಕುಸಿಯುತ್ತವೆ.

ಈಗ ಔಷಧಿ. ಗಂಡಸಿನ ಬೀಜಕ್ಕೆ ಕೃಷಿ ರಾಸಾಯನಿಕ ಹೊಡೆತ ಕೊಡುತ್ತದೆ ಎಂದು ಜಗತ್ತಿಗೆ ಖಚಿತವಾಗಿ ಗೊತ್ತಾದದ್ದು 1977ರಲ್ಲಿ. ಕ್ಯಾಲಿಫೋರ್ನಿಯಾದ ಲ್ಯಾಥ್ರಪ್ ಎಂಬಲ್ಲಿ ಡಿಬಿಸಿಪಿ ಎಂಬ ಜಂತುನಾಶಕ ತಯಾರಾಗುತ್ತಿತ್ತು. ನಮ್ಮಲ್ಲಿ ಯಾರಿಗೂ ಮಕ್ಕಳಾಗುತ್ತಿಲ್ಲವಲ್ಲ ಎಂದು ಕಾರ್ಮಿಕರೇ ಮಾತಾಡಿಕೊಂಡು ಪರೀಕ್ಷೆ ಮಾಡಿಸಿದಾಗ ಹಲವರ ವೀರ್ಯದಲ್ಲಿ ವೀರ್ಯಾಣುವೇ ಇರಲಿಲ್ಲ. ಮೈಮೇಲೆ ಗಾಯವಿಲ್ಲ, ನೋವಿಲ್ಲ, ಊಟ ನಿದ್ದೆ ಎಲ್ಲ ಸರಿ. ಇವತ್ತು ನಮ್ಮ ಕಡೆ ಬಳಸುವ ಕ್ಲೋರ್‌ಪೈರಿಫಾಸ್‌ನಂಥ ಆರ್ಗನೊಫಾಸ್ಫೇಟ್ ಕೀಟನಾಶಕಗಳಾಗಲಿ, ಅಟ್ರಾಜಿನ್‌ನಂಥ ಕಳೆನಾಶಕಗಳಾಗಲಿ ಅಷ್ಟು ಘೋರವಾಗಿ ಹೊಡೆಯುವುದಿಲ್ಲ. ಆದರೆ ಔಷಧಿ ಹೊಡೆಯುವವರಲ್ಲಿ ವೀರ್ಯಾಣುಗಳ ಸಂಖ್ಯೆ, ಚಲನೆ ಕಡಿಮೆ ಇರುವುದನ್ನೂ ಡಿಎನ್‌ಎ ಹಾನಿ ಹೆಚ್ಚಿರುವುದನ್ನೂ ಹಲವು ದೇಶಗಳ ಅಧ್ಯಯನಗಳು ತೋರಿಸಿವೆ.

ಡಬ್ಬಿಯ ಮೇಲಿನ ತ್ರಿಕೋನದ ಬಣ್ಣ ನೋಡಿ ಧೈರ್ಯ ತಂದುಕೊಳ್ಳುವ ರೂಢಿ ನಮ್ಮಲ್ಲಿದೆ. ಕೆಂಪು, ಹಳದಿ, ನೀಲಿ, ಹಸಿರು ತ್ರಿಕೋನಗಳು ಹೇಳುವುದು ಒಂದೇ ಸಲಕ್ಕೆ ಮೈಗೆ ಸೇರಿದರೆ ಸಾಯಿಸುವ ಶಕ್ತಿ ಎಷ್ಟು ಎಂಬುದನ್ನು ಮಾತ್ರ. ಹತ್ತು ವರ್ಷ ಸ್ವಲ್ಪಸ್ವಲ್ಪ ಮೈಗಿಳಿದರೆ ವೃಷಣಕ್ಕೆ ಏನಾಗುತ್ತದೆ ಎಂಬುದು ಆ ಬಣ್ಣದಲ್ಲಿಲ್ಲ. ಹಸಿರು ತ್ರಿಕೋನವನ್ನು ಬರಿಗೈಯಲ್ಲಿ ಕಲಸಬಹುದು ಎಂದು ಓದಬೇಡಿ.

ವಿಷ ಒಳಗೆ ಹೋಗುವುದು ಮೂಗಿನಿಂದ ಎಂದು ಎಲ್ಲರೂ ಟವೆಲ್ ಕಟ್ಟಿಕೊಳ್ಳುತ್ತಾರೆ. ಔಷಧಿ ಹೊಡೆಯುವವನಿಗೆ ಹೆಚ್ಚಿನ ಪಾಲು ಹೋಗುವುದು ಚರ್ಮದಿಂದ. ಅದೂ ಎಲ್ಲ ಕಡೆ ಒಂದೇ ಸಮ ಅಲ್ಲ. ಪ್ಯಾರಾಥಿಯಾನ್ ಎಂಬ ಕೀಟನಾಶಕವನ್ನು ಮನುಷ್ಯರ ಚರ್ಮದ ಮೇಲೆ ಹಚ್ಚಿ ಅಳೆದಾಗ, ಮುಂಗೈಗಿಂತ ವೃಷಣ ಚೀಲದ ಚರ್ಮ ಸುಮಾರು 12 ಪಟ್ಟು ಹೆಚ್ಚು ಹೀರಿತ್ತು. ಇನ್ನು ನಿಮ್ಮ ಬೆನ್ನಿನ 16 ಲೀಟರ್ ಸ್ಪ್ರೇಯರನ್ನು ನೋಡಿ. ಅದು ಸೋರುವ ಜಾಗ ಮೂರು: ಮುಚ್ಚಳದ ವಾಷರ್, ತಳದಲ್ಲಿ ಪೈಪ್ ಕೂರುವ ಬೆಸುಗೆ, ಕೈಹಿಡಿಯ ಟ್ರಿಗರ್. ಮೊದಲ ಎರಡರಿಂದ ಸೋರಿದ್ದು ಬೆನ್ನಿನ ಮೇಲೆ ಇಳಿದು, ಸೊಂಟದಲ್ಲಿ ನಿಂತು, ಚಡ್ಡಿಯನ್ನು ಒದ್ದೆ ಮಾಡುತ್ತದೆ. ಬೆವರು ಎಂದುಕೊಂಡು ಸಂಜೆಯವರೆಗೆ ಅದೇ ಚಡ್ಡಿಯಲ್ಲಿ ಇರುತ್ತೀರಿ. ಎದೆಯೆತ್ತರದ ಕಬ್ಬಿನ ಸಾಲಿನಲ್ಲಿ ನುಗ್ಗುವಾಗ ಆಗಷ್ಟೇ ಹೊಡೆದ ಗರಿಗಳು ತೊಡೆಗೆ ಒರೆಸಿಕೊಂಡು ಹೋಗುತ್ತವೆ, ಅದು ಬೇರೆ.

ಹಾಗಾಗಿ ಕ್ರಮ ಹೀಗಿರಲಿ. ಔಷಧಿ ಹಾಕುವ ಮುಂಚೆ ಕ್ಯಾನಿಗೆ ಬರೀ ನೀರು ತುಂಬಿ, ಹೆಗಲಿಗೇರಿಸಿ ಹತ್ತು ನಿಮಿಷ ನಡೆಯಿರಿ. ಬೆನ್ನು ಒದ್ದೆಯಾದರೆ ವಾಷರ್ ಬದಲಾಯಿಸಿ. ಏಪ್ರನ್ ಎಲ್ಲರೂ ಎದೆಗೆ ಕಟ್ಟುತ್ತಾರೆ, ನೀವು ಬೆನ್ನಿಗೂ ಕಟ್ಟಿ. ಗೊಬ್ಬರದ ಚೀಲದ ಒಳಗಿನ ಪ್ಲಾಸ್ಟಿಕ್ ಹಾಳೆಯನ್ನು ತೊಳೆದು, ಕತ್ತಿನಿಂದ ಮಂಡಿಯ ಕೆಳಗಿನವರೆಗೆ ಇಳಿಬಿಟ್ಟರೂ ಸಾಕು. ಕೈಗೆ ನೈಟ್ರೈಲ್ ಗ್ಲೌಸ್. ಬಟ್ಟೆ, ಚರ್ಮದ ಗ್ಲೌಸ್ ಹೀರಿಟ್ಟುಕೊಂಡು ಇನ್ನಷ್ಟು ಹೊತ್ತು ಕೈಗೆ ಅಂಟಿಸುತ್ತವೆ. ಎಲ್ಲಕ್ಕಿಂತ ಅಪಾಯದ ಗಳಿಗೆ ಕಲಸುವಾಗಿನದು. ಶೇ 20ರ ಕ್ಲೋರ್‌ಪೈರಿಫಾಸನ್ನು ಲೀಟರಿಗೆ 2.5 ಮಿ.ಲೀ. ಹಾಕಿದರೆ ಕ್ಯಾನಿನಲ್ಲಿ ಉಳಿಯುವುದು ಶೇ 0.05. ಅಂದರೆ ಡಬ್ಬಿಯ ಒಂದು ಹನಿ ಬೆರಳಿಗೆ ತಾಗಿದರೆ ಕ್ಯಾನಿನ 400 ಹನಿ ತಾಗಿದ ಲೆಕ್ಕ. ಮುಚ್ಚಳದಲ್ಲಿ ಅಳೆದು ಬೆರಳು ಒರೆಸಿಕೊಳ್ಳುವುದನ್ನು ಬಿಡಿ, ಅಳತೆ ಲೋಟವನ್ನೇ ಇಟ್ಟುಕೊಳ್ಳಿ. ನಾಜಲ್ ಕಟ್ಟಿದರೆ ಬಾಯಲ್ಲಿ ಊದಬೇಡಿ, ಹಳೇ ಹಲ್ಲುಜ್ಜುವ ಬ್ರಷ್ ಸಾಕು. ಮೂತ್ರಕ್ಕೆ ಹೋಗುವ ಮುಂಚೆ ಸೋಪು ಹಚ್ಚಿ ಕೈ ತೊಳೆಯಿರಿ. ಯಾಕೆಂದು ಬಿಡಿಸಿ ಹೇಳಬೇಕಿಲ್ಲ. ಮುಗಿದ ತಕ್ಷಣ ಪಂಪ್‌ಸೆಟ್ ಹತ್ತಿರವೇ ಸ್ನಾನ ಮಾಡಿ, ಒಗೆದ ಬಟ್ಟೆ ಹಾಕಿಕೊಂಡೇ ಮನೆಗೆ ಹೋಗಿ. ಆ ಬಟ್ಟೆಯನ್ನು ಮನೆಯವರ ಬಟ್ಟೆಯ ಜೊತೆ ನೆನೆಸಬೇಡಿ. ಒಗೆಯುವವರು ನಿಮ್ಮ ಹೆಂಡತಿಯಾದರೆ ಅವರ ಕೈಗೂ ಗ್ಲೌಸ್ ಇರಲಿ. ಅಂಡಾಣು ಬೆಳೆಸಲು ಇಂಜೆಕ್ಷನ್ ತೆಗೆದುಕೊಳ್ಳುತ್ತಿರುವವರ ಕೈಲಿ ನಿಮ್ಮ ಔಷಧಿ ಚಡ್ಡಿ ಉಜ್ಜಿಸುವುದು ಮೂರ್ಖತನ. ಸಂಜೆ ಒಂದು ಕ್ವಾರ್ಟರ್ ಹಾಕಿದರೆ ವಿಷ ಇಳಿಯುತ್ತದೆ ಎನ್ನುವವರ ಮಾತೂ ಬೇಡ. ವಿಷವನ್ನು ಕಳೆಯಬೇಕಾದ ಲಿವರಿಗೇ ಅದು ಎರಡನೇ ಕೆಲಸ.

ಆಲೆಮನೆಯಲ್ಲಿ ತೊಂದರೆ ಎರಡು: ಬಿಸಿ ಮತ್ತು ಹೊಗೆ. ವೃಷಣ ದೇಹದ ಹೊರಗೆ ತೂಗುವುದೇ ಮೈಗಿಂತ 2ರಿಂದ 4 ಡಿಗ್ರಿ ತಣ್ಣಗಿರಲಿ ಎಂದು. ಉರಿ ಹಾಕುವವನು ಒಲೆಬಾಯಿಗೆ ಎದುರಾಗಿ, ಕಾಲಗಲಿಸಿ, ಕುಕ್ಕರಗಾಲಿನಲ್ಲಿ ಗಂಟೆಗಟ್ಟಲೆ ಕೂರುತ್ತಾನೆ, ಝಳ ನೇರ ಅಲ್ಲಿಗೇ. ಕೊಪ್ಪರಿಗೆ ಪಕ್ಕ ನಿಂತು ಪಾಕ ಕದಡುವವನಿಗೂ ಅಷ್ಟೇ. ರಚ್ಚು (ಹಿಂಡಿದ ಕಬ್ಬಿನ ಸಿಪ್ಪೆ) ಮಾತ್ರ ಉರಿಸಿದರೂ ಹೊಗೆಯ ಸಣ್ಣ ಕಣಗಳು ಇರುತ್ತವೆ. ಅದರ ಜೊತೆ ಹಳೇ ಟೈರು, ಪ್ಲಾಸ್ಟಿಕ್ ತ್ಯಾಜ್ಯ ಹಾಕಿದರೆ ಪಿಎಎಚ್ ಎಂಬ ಗುಂಪಿನ ವಿಷಗಳು ಇನ್ನಷ್ಟು ಹೆಚ್ಚುತ್ತವೆ. ಇವು ಬೀಡಿ, ಸಿಗರೇಟು ಹೊಗೆಯಲ್ಲೂ ಇರುವಂಥವು, ವೀರ್ಯಾಣುವಿನ ಡಿಎನ್‌ಎಗೆ ನೇರ ಹಾನಿ ಮಾಡುವಂಥವು. ಬೆಲ್ಲ ತಿಂದರೆ ಹೊಗೆ ಇಳಿಯುತ್ತದೆ ಎಂಬ ನಂಬಿಕೆಗೆ ಆಧಾರವಿಲ್ಲ. ಈ ಮೂರು ತಿಂಗಳು ನೀವು ಗಾಣಕ್ಕೆ ಕಬ್ಬು ಕೊಡುವ ಕಡೆ ಇರಿ, ಒಲೆ ಕಡೆ ಬೇಡ. ಹೊಗೆಯಿರುವಲ್ಲಿ ಎನ್95 ಮಾಸ್ಕ್ ಕಣಗಳನ್ನು ತಡೆಯುತ್ತದೆ. ಔಷಧಿಯ ಆವಿಯನ್ನು ಅದು ತಡೆಯುವುದಿಲ್ಲ, ಅದಕ್ಕೆ ಕಾರ್ಟ್ರಿಡ್ಜ್ ಇರುವ ಮಾಸ್ಕ್ ಬೇಕು. ಬಿಗಿ ಒಳಉಡುಪಿನ ಬದಲು ಸಡಿಲವಾದ ಹತ್ತಿಯದು ಹಾಕಿ. ಬಾಸ್ಟನ್‌ನ ಒಂದು ಚಿಕಿತ್ಸಾ ಕೇಂದ್ರದಲ್ಲಿ 656 ಗಂಡಸರನ್ನು ನೋಡಿದ 2018ರ ಅಧ್ಯಯನದಲ್ಲಿ, ಸಡಿಲ ಚಡ್ಡಿ ಹಾಕುವವರ ವೀರ್ಯಾಣು ಸಾಂದ್ರತೆ ಶೇ 25ರಷ್ಟು ಹೆಚ್ಚಿತ್ತು. ಖರ್ಚಿಲ್ಲದ ಉಪಾಯ.

ಊರಿನ ಗಾಳಿಯ ವಿಷಯ. ಡೆನ್ಮಾರ್ಕ್‌ನಲ್ಲಿ 5 ಲಕ್ಷಕ್ಕೂ ಹೆಚ್ಚು ಗಂಡಸರ ದಾಖಲೆ ನೋಡಿ 2024ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಪಿಎಂ 2.5 ಎಂಬ ಗಾಳಿಯ ಅತಿ ಸಣ್ಣ ಕಣಗಳು ಘನಮೀಟರಿಗೆ 2.9 ಮೈಕ್ರೋಗ್ರಾಂ ಹೆಚ್ಚಿದಂತೆ ಗಂಡಸರಲ್ಲಿ ಬಂಜೆತನದ ಪತ್ತೆ ಶೇ 24ರಷ್ಟು ಹೆಚ್ಚಿತ್ತು. ನಿಮ್ಮ ಪ್ರಶ್ನೆಗೆ ಇನ್ನೂ ಹತ್ತಿರವಾದದ್ದು ಅಮೆರಿಕದ ಅಟ್ಲಾಂಟಾದ್ದು. ಅಲ್ಲಿ ದಾನಿಗಳ ಅಂಡಾಣುವಿನಿಂದ ಆದ ಐವಿಎಫ್‌ಗಳನ್ನು ಮಾತ್ರ ಆರಿಸಿಕೊಂಡರು. ಅಂಡಾಣು ಕೊಟ್ಟವರು ಒಂದು ಊರಲ್ಲಿ, ವೀರ್ಯ ಕೊಟ್ಟವರು ಇನ್ನೊಂದು ಊರಲ್ಲಿ. ಹಾಗಾಗಿ ಯಾರ ಗಾಳಿಯಿಂದ ಎಷ್ಟು ಎಂದು ಬಿಡಿಸಿ ನೋಡಬಹುದಾಯಿತು. ವೀರ್ಯಾಣು ತಯಾರಾಗುವ ತಿಂಗಳುಗಳಲ್ಲಿ ಗಂಡಸು ಇಂಗಾಲದ ಕಣಗಳನ್ನು ಹೆಚ್ಚು ಉಸಿರಾಡಿದ್ದರೆ ಅದರ ಗುರುತು ಭ್ರೂಣದ ಗುಣಮಟ್ಟದಲ್ಲಿ ಕಂಡಿತು. ಬೇರೆ ಮಾಲಿನ್ಯಕಾರಕಗಳ ವಿಷಯದಲ್ಲಿ ಐವಿಎಫ್ ಫಲಿತಾಂಶದ ಅಧ್ಯಯನಗಳು ಒಂದಕ್ಕೊಂದು ಹೊಂದುವುದಿಲ್ಲ. ವೀರ್ಯದ ಮೇಲಿನ ಪರಿಣಾಮಕ್ಕೆ ಇರುವಷ್ಟು ಗಟ್ಟಿ ಆಧಾರ ಮಗು ಹುಟ್ಟುವುದರ ಮೇಲಿನ ಪರಿಣಾಮಕ್ಕೆ ಇಲ್ಲ.

ತರಕಾರಿಯಲ್ಲಿ ಉಳಿಯುವ ಔಷಧಿಯ ಬಗ್ಗೆ ಒಂದೇ ಮಾತು: ವಾರಗಟ್ಟಲೆ ಮೈಗೆ ಒರೆಸಿಕೊಳ್ಳುವವನಿಗೆ ತಟ್ಟೆಯಲ್ಲಿರುವುದು ಚಿಲ್ಲರೆ. ತೊಳೆದು ತಿನ್ನಿ, ತರಕಾರಿ ಬಿಡಬೇಡಿ. ಬಿಸಿ ಸಾಂಬಾರು, ಕಾಫಿಯನ್ನು ಪ್ಲಾಸ್ಟಿಕ್ ಕವರಿನಲ್ಲಿ ಕಟ್ಟಿಸುವುದನ್ನು ನಿಲ್ಲಿಸಿ. ಪ್ಲಾಸ್ಟಿಕ್‌ನಿಂದ ಇಳಿಯುವ ಥ್ಯಾಲೇಟ್, ಬಿಪಿಎ ಒಂದೆರಡು ದಿನದಲ್ಲೇ ಮೂತ್ರದಲ್ಲಿ ಹೋಗುತ್ತವೆ, ಬಿಟ್ಟರೆ ಬೇಗ ಕಡಿಮೆಯಾಗುತ್ತವೆ.

ಇದೇ ಕಾರಣಕ್ಕೆ ರಕ್ತದಲ್ಲಿ ವಿಷ ಎಷ್ಟಿದೆ ಎಂಬ ಪರೀಕ್ಷೆ ನಿಮಗೆ ಉಪಯೋಗವಿಲ್ಲ. ಇವತ್ತಿನ ಆರ್ಗನೊಫಾಸ್ಫೇಟ್‌ಗಳೂ ಕೆಲವೇ ದಿನಗಳಲ್ಲಿ ಹೊರಹೋಗುತ್ತವೆ. ಸೋಮವಾರ ಔಷಧಿ ಹೊಡೆದು ಮುಂದಿನ ಸೋಮವಾರ ರಕ್ತ ಕೊಟ್ಟರೆ ಏನೂ ಕಾಣದೆ ಇರಬಹುದು, ಆದರೆ ಆ ದಿನ ತಯಾರಾಗುತ್ತಿದ್ದ ವೀರ್ಯಾಣುವಿನ ಹಾನಿ ಹಾಗೇ ಉಳಿದಿರುತ್ತದೆ. ಸೀಸ ಮಾತ್ರ ಬೇರೆ. ಹಳೇ ಬ್ಯಾಟರಿ ಬಿಚ್ಚುವ, ಹಳೇ ಪೇಂಟ್ ಉಜ್ಜುವ ಕೆಲಸ ಮಾಡಿದ್ದರೆ, ಭಸ್ಮ ಸೇರಿದ ಶಕ್ತಿ ಔಷಧಿ ತಿಂದಿದ್ದರೆ ರಕ್ತದ ಸೀಸ ಪರೀಕ್ಷೆ ಮಾಡಿಸಿ. ಡೆಸಿಲೀಟರಿಗೆ 5 ಮೈಕ್ರೋಗ್ರಾಂ ಅಥವಾ ಹೆಚ್ಚಿದ್ದರೆ ಮೂಲ ಹುಡುಕಬೇಕು. ಸೀಸ ಮೂಳೆಯಲ್ಲಿ ದಶಕಗಟ್ಟಲೆ ಕೂರುವುದರಿಂದ 90 ದಿನದ ಲೆಕ್ಕ ಅದಕ್ಕೆ ನಡೆಯುವುದಿಲ್ಲ.

ಉಳಿದದ್ದಕ್ಕೆ ನಡೆಯುತ್ತದೆ. ಒಂದು ವೀರ್ಯಾಣು ವೃಷಣದಲ್ಲಿ ತಯಾರಾಗಲು ಸುಮಾರು 74 ದಿನ, ಅಲ್ಲಿಂದ ನಾಳದಲ್ಲಿ ಬಲಿತು ಹೊರಬರಲು ಇನ್ನೆರಡು ವಾರ. ಲೆಕ್ಕವನ್ನು ಹಿಂದಿನಿಂದ ಹಾಕಿ. ಸಂಕ್ರಾಂತಿ ದಿನ ನೀವು ಸ್ಪ್ರೇಯರ್ ಕೆಳಗಿಟ್ಟು, ಒಲೆ ಬಿಟ್ಟು, ಬೀಡಿ ಗುಟ್ಕಾ ಇದ್ದರೆ ಅದನ್ನೂ ಬಿಟ್ಟರೆ, 90ನೇ ದಿನ ಏಪ್ರಿಲ್ 14. ಅಂಡಾಣು ತೆಗೆಯುವ ದಿನ ಅದಾದ ಮೇಲೆ ಬರಲಿ. ಮಧ್ಯೆ ಒಂದು ದಿನ ಕಳೆನಾಶಕ ಹೊಡೆದಿರೋ, ಆ ವಾರ ತಯಾರಾಗುತ್ತಿದ್ದ ಬೀಜಕ್ಕೆ ಮತ್ತೆ ಅದೇ ಪಾಡು. 80ನೇ ದಿನದ ಹೊತ್ತಿಗೆ ವೀರ್ಯ ಪರೀಕ್ಷೆ, ಡಿಎಫ್‌ಐ ಮತ್ತೆ ಮಾಡಿಸಿ: ಅದೇ ಲ್ಯಾಬ್, ಅದೇ ವಿಧಾನ, ಹಿಂದಿನ ಸಲ ವೀರ್ಯ ಹೋಗಿ ಎಷ್ಟು ದಿನ ಬಿಟ್ಟು ಮಾದರಿ ಕೊಟ್ಟಿದ್ದಿರೋ ಈಗಲೂ ಅಷ್ಟೇ ದಿನದ ಅಂತರ. ಇಲ್ಲದಿದ್ದರೆ ಎರಡು ರಿಪೋರ್ಟ್ ಹೋಲಿಸಲಾಗುವುದಿಲ್ಲ. ಮಾದರಿಯನ್ನು ಮನೆಯಲ್ಲಿ ತೆಗೆದು ಬಸ್ಸಿನಲ್ಲಿ ತರಬೇಡಿ. ಮದ್ದೂರಿನಿಂದ ಮೈಸೂರು ಮುಟ್ಟುವಷ್ಟರಲ್ಲಿ ಒಂದು ಗಂಟೆ ಮೀರಿರುತ್ತದೆ, ಚಲನೆಯ ಅಂಕಿ ಸುಳ್ಳಾಗುತ್ತದೆ.

ಆಂಟಿಆಕ್ಸಿಡೆಂಟ್ ಗುಳಿಗೆಗಳ ಪಟ್ಟಿ ಕೊಟ್ಟರೆ ಎರಡು ಸಲ ಯೋಚಿಸಿ. 2,370 ದಂಪತಿಗಳಲ್ಲಿ ಜಿಂಕ್ ಮತ್ತು ಫೋಲಿಕ್ ಆಸಿಡ್ ಪರೀಕ್ಷಿಸಿದ ಪ್ರಯೋಗ 2020ರಲ್ಲಿ ಪ್ರಕಟವಾಯಿತು. ವೀರ್ಯವೂ ಸುಧಾರಿಸಲಿಲ್ಲ, ಮಕ್ಕಳೂ ಹೆಚ್ಚಾಗಲಿಲ್ಲ, ಗುಳಿಗೆ ತಿಂದವರಲ್ಲಿ ಡಿಎನ್‌ಎ ತುಂಡಾಗುವುದು ತುಸು ಹೆಚ್ಚೇ ಇತ್ತು. ಆ ದುಡ್ಡಲ್ಲಿ ಗ್ಲೌಸು, ವಾಷರ್ ತನ್ನಿ. ಜಿಮ್‌ನವರು ಹೇಳುವ ಟೆಸ್ಟೊಸ್ಟೀರಾನ್ ಇಂಜೆಕ್ಷನ್ ಅಂತೂ ಮುಟ್ಟಲೇಬೇಡಿ, ಅದು ವೀರ್ಯಾಣು ತಯಾರಿಯನ್ನೇ ನಿಲ್ಲಿಸುತ್ತದೆ.

ಮೂರು ತಿಂಗಳ ನಂತರವೂ ಡಿಎಫ್‌ಐ 30ರ ಮೇಲೇ ಇದ್ದರೆ ವೈದ್ಯರೊಡನೆ ಎರಡು ಮಾತಾಡಿ. ಒಂದು, ಅಂಡಾಣು ತೆಗೆಯುವ ದಿನದ ಮಾದರಿಗೆ ನಾಲ್ಕೈದು ದಿನ ಕಾಯುವ ಬದಲು ಒಂದೇ ದಿನದ ಅಂತರ ಸಾಕೇ ಎಂದು ಕೇಳಿ. ನಾಳದಲ್ಲಿ ಹೆಚ್ಚು ದಿನ ನಿಂತಷ್ಟೂ ಹಾನಿ ಹೆಚ್ಚು. ಎರಡು, ವೃಷಣದಿಂದಲೇ ಸೂಜಿಯಲ್ಲಿ ವೀರ್ಯಾಣು ತೆಗೆದು ಇಕ್ಸಿ ಮಾಡುವುದು. ಅಲ್ಲಿ ಹಾನಿ ಕಡಿಮೆ ಇರುತ್ತದೆ, ಆದರೆ ಸೂಜಿ ಚುಚ್ಚುವ ಕೆಲಸ, ಮೊದಲ ಆಯ್ಕೆಯಲ್ಲ. ನಿಮ್ಮ ಹೆಂಡತಿಗೆ 30 ಆದ್ದರಿಂದ ಕಾಯಲು ಹೇಳುತ್ತಿರುವುದು. 38 ದಾಟಿ ಅಂಡಾಣು ಸಂಗ್ರಹ ಕಡಿಮೆ ಇದ್ದಿದ್ದರೆ ಗಂಡಸಿನ 90 ದಿನಕ್ಕಾಗಿ ಕಾಯುವುದು ತಪ್ಪಾಗುತ್ತಿತ್ತು.

ಇನ್ನು ತಮ್ಮನ ವಿಷಯ. ಅವನಿಗೆ ವಹಿಸಬಹುದು, ಆದರೆ ಸೋರುವ ಅದೇ ಕ್ಯಾನ್ ಕೊಟ್ಟು ಅಲ್ಲ. ಬೆನ್ನಿನ ಏಪ್ರನ್ ಎರಡು ಮಾಡಿಸಿ, ಗ್ಲೌಸ್ ಎರಡು ಜೊತೆ ತನ್ನಿ. ಪ್ರತಿ ಸಲವೂ ಹೊಡೆಯಲೇಬೇಕೇ ಎಂದು ಹೋಬಳಿಯ ರೈತ ಸಂಪರ್ಕ ಕೇಂದ್ರದಲ್ಲಿ ಅಥವಾ ಮಂಡ್ಯದ ಕೃಷಿ ಸಂಶೋಧನಾ ಕೇಂದ್ರವಾದ ವಿ.ಸಿ. ಫಾರ್ಮ್‌ನಲ್ಲಿ ಬೆಳೆ ತೋರಿಸಿ ಕೇಳಿ. ಕೀಟ ಇಲ್ಲದಿದ್ದರೂ ತಾರೀಖು ನೋಡಿ ಹೊಡೆಯುವ ಒಂದೆರಡು ಸುತ್ತನ್ನು ಬಿಡಬಹುದು. ಮನೆಯ ಅಟ್ಟದಲ್ಲೋ ಮಂಚದ ಕೆಳಗೋ ಅರ್ಧ ಉಳಿದ ಡಬ್ಬಿಗಳಿದ್ದರೆ ಇವತ್ತೇ ಪಂಪ್‌ಸೆಟ್ ಮನೆಗೆ ಸಾಗಿಸಿ, ಬೀಗ ಹಾಕಿ.